ತೆರೆದ ಕಾರಿನ ಮೇಲೊಂದು ಸೂರು: 1971ರ ಎಂಜಿಬಿ ಜಿಟಿಯ ದುರಸ್ತಿ

ಬ್ರಿಟನ್ನಿನ ಎಂಜಿ ಕಂಪನಿಯ ಚಾವಣಿಯಿಲ್ಲದ ಹಳೆಯ ಕಾರು ಎಂಜಿಬಿ ರೋಡ್‌ಸ್ಟರ್ ಕೊಳ್ಳಲು ಹೋದವರು ಮೊದಲು ನೋಡಬೇಕಾದದ್ದು ಎಂಜಿನ್ನನ್ನಲ್ಲ, ಬಾಗಿಲಿನ ಹಿಂಬದಿಯ ಸಂದನ್ನು. ಕಾರು ನಾಲ್ಕೂ ಚಕ್ರದ ಮೇಲೆ ನಿಂತಿರುವಾಗ ಆ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಮಾರುವವರನ್ನು ಬೇರೇನೂ ಕೇಳಬೇಕಿಲ್ಲ. ಬಾಗಿಲ ಕೆಳಗಿನ ಉದ್ದನೆಯ ತಗಡಿನ ತೊಲೆಗಳು, ಅಂದರೆ ಸಿಲ್‌ಗಳು, ತುಕ್ಕಿಗೆ ಆಹುತಿಯಾಗಿವೆ. ಕಾರು ನಡುವಿನಲ್ಲಿ ಕುಸಿಯುತ್ತಿದೆ. ಸೂರಿಲ್ಲದ ಕಾರಿನ ಮುಂಭಾಗವನ್ನೂ ಹಿಂಭಾಗವನ್ನೂ ಹಿಡಿದಿಡಲು ಎರಡು ಸಿಲ್ ಮತ್ತು ನಡುವಿನ ಗೇರ್‌ಬಾಕ್ಸ್ ಸುರಂಗ ಬಿಟ್ಟರೆ ಇನ್ನೇನಿದೆ?

ಅದೇ ಕಾರಿಗೆ ಸೂರು ಕಟ್ಟಿ ಮಾಡಿದ ಎಂಜಿಬಿ ಜಿಟಿಯಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ. ಸಿಲ್ ಅರ್ಧಕ್ಕರ್ಧ ತಿಂದುಹೋಗಿದ್ದರೂ ಮುಂದಿನ ಗಾಜಿನ ಕಂಬವನ್ನು ಹಿಂಭಾಗಕ್ಕೆ ಚಾವಣಿ ಎಳೆದು ಕಟ್ಟಿರುವುದರಿಂದ ಬಾಗಿಲ ಸಂದು ನೆಟ್ಟಗೇ ಇರುತ್ತದೆ. ಬಾಗಿಲು ಸೊಗಸಾಗಿ ಮುಚ್ಚುತ್ತದೆ. ರೋಡ್‌ಸ್ಟರ್ ತನ್ನ ರೋಗವನ್ನು ತಾನೇ ಹೇಳಿಬಿಡುತ್ತದೆ, ಜಿಟಿ ಮುಚ್ಚಿಡುತ್ತದೆ. ಇಂಗ್ಲೆಂಡಿನ ವಿಲ್ಟ್‌ಶೈರ್‌ನ ಹಳ್ಳಿಯೊಂದರ ಕೊಟ್ಟಿಗೆಯಲ್ಲಿ ಬಹಳ ಕಾಲ ನಿಂತಿದ್ದ ಈ 1971ರ ಜಿಟಿಯನ್ನು ನೋಡಿದಾಗ ಸಂದುಗಳ ಕಡೆ ನಾನು ಕಣ್ಣೆತ್ತಲೂ ಇಲ್ಲ. ನೆಲದ ಮೇಲೆ ಮಲಗಿ, ಸಿಲ್‌ನ ಅಡಿಯನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋದೆ. ಮುಂದಿನ ಚಕ್ರದ ಹಿಂದೆ, ಹಿಂದಿನ ಚಕ್ರದ ಮುಂದೆ, ಎರಡೂ ಕಡೆ ದಪ್ಪ ಶಬ್ದ. ತಗಡು ಖಣ್ ಎನ್ನಬೇಕಾದ ಜಾಗದಲ್ಲಿ ಧಪ್ ಎಂದಿತು. ಬೆಲೆಯನ್ನು ಅದಕ್ಕೆ ತಕ್ಕಂತೆ ಇಳಿಸಿ ಮಾತಾಡಿ, ಟ್ರೇಲರ್ ಮೇಲೆ ಹೇರಿಕೊಂಡು ಸ್ವಿಂಡನ್‌ಗೆ ತಂದೆ.

ಸ್ವಿಂಡನ್ ನಾನಿರುವ ಊರು; ಒಂದರ್ಥದಲ್ಲಿ ಕಾರಿಗೂ ತವರು. ಎಂಜಿ ಕಾರ್ಖಾನೆ ಇದ್ದದ್ದು ಇಲ್ಲಿಗೆ ಅಷ್ಟೇನೂ ದೂರವಲ್ಲದ ಆಬಿಂಗ್ಡನ್‌ನಲ್ಲಾದರೂ ಅಲ್ಲಿ ತಗಡಿನ ಒತ್ತು ಯಂತ್ರಗಳಿರಲಿಲ್ಲ. ಕಾರಿನ ತಗಡಿನ ಮೈಗಳನ್ನು, ಅಂದರೆ ಕವಚಗಳನ್ನು, ಒತ್ತಿ ಬೆಸೆದು ಕೊಡುತ್ತಿದ್ದದ್ದು ಪ್ರೆಸ್ಡ್ ಸ್ಟೀಲ್ ಕಂಪನಿ. ಅದರ ಸ್ವಿಂಡನ್ ಘಟಕದಲ್ಲಿ ಇಂದು ಮಿನಿ ಕಾರುಗಳ ತಗಡು ಒತ್ತುತ್ತಾರೆ. ಆಬಿಂಗ್ಡನ್‌ನಲ್ಲಿ ನಡೆಯುತ್ತಿದ್ದದ್ದು ಜೋಡಣೆ ಮಾತ್ರ, ಅದೂ ಕೈಯಿಂದ ತಳ್ಳಿಕೊಂಡು ಹೋಗುವ ಸಾಲಿನಲ್ಲಿ. 1980ರ ಅಕ್ಟೋಬರ್‌ನಲ್ಲಿ ಆ ಕಾರ್ಖಾನೆಯೂ ಮುಚ್ಚಿತು.

ಚಾವಣಿಯ ಕಥೆ ಗೊತ್ತಿಲ್ಲದೆ ಈ ಕಾರಿನ ತಗಡು ಅರ್ಥವಾಗುವುದಿಲ್ಲ. 1962ರಲ್ಲಿ ಬಂದ ಎಂಜಿಬಿ ರೋಡ್‌ಸ್ಟರ್ ಎಂಜಿಯ ಮಟ್ಟಿಗೆ ದೊಡ್ಡ ಜಿಗಿತ. ಅದರ ಹಿಂದಿನ ಮಾದರಿ ಎಂಜಿಎಗೆ ಪ್ರತ್ಯೇಕ ಚಾಸಿ, ಅಂದರೆ ಮೈಯನ್ನು ಹೊರುವ ಉಕ್ಕಿನ ಚೌಕಟ್ಟು, ಇತ್ತು. ಭಾರವನ್ನೆಲ್ಲ ಚಾಸಿ ಹೊರುತ್ತಿದ್ದುದರಿಂದ 1956ರಲ್ಲಿ ಎಂಜಿಎಗೆ ಗಟ್ಟಿ ಚಾವಣಿ ಕೂರಿಸಿ ಕೂಪೆ ಎಂದು ಮಾರುವುದು ಕಷ್ಟವಾಗಲಿಲ್ಲ. ಎಂಜಿಬಿಯಲ್ಲಿ ಚಾಸಿಯೇ ಇಲ್ಲ. ನೆಲ, ಸಿಲ್, ಸುರಂಗ ಎಲ್ಲ ಕೂಡಿ ಕವಚವೇ ಭಾರ ಹೊರಬೇಕು. ಮುಖ್ಯ ವಿನ್ಯಾಸಕಾರ ಸಿಡ್ ಎನೆವರ್ ತಂಡ ಸೂರಿನ ಸಹಾಯವಿಲ್ಲದೆಯೇ ನಿಲ್ಲುವಂತೆ ಅದನ್ನು ಕಟ್ಟಿತು. ಕಾರ್ಖಾನೆಯ ಮುಖ್ಯಸ್ಥ ಜಾನ್ ಥಾರ್ನ್‌ಲಿಗೆ ಆಸ್ಟನ್ ಮಾರ್ಟಿನ್ ಡಿಬಿ ಕಾರುಗಳ ಇಳಿಜಾರು ಬೆನ್ನು ಕಣ್ಣಿಗೆ ಬಿದ್ದಿತ್ತು. ಆ ಅಂದ ಎಂಜಿಯ ಬೆಲೆಯಲ್ಲಿ ಬೇಕು ಎಂಬುದು ಅವರ ಆಸೆ.

ಆಬಿಂಗ್ಡನ್‌ನಲ್ಲಿ ಬರೆದ ಚಿತ್ರಗಳು ಯಾವುವೂ ಕುದುರಲಿಲ್ಲ. ರೋಡ್‌ಸ್ಟರ್‌ನ ಗಿಡ್ಡ ಮುಂಗಾಜನ್ನು ಹಾಗೆಯೇ ಇಟ್ಟುಕೊಂಡು ಅದರ ಮೇಲೆ ಚಾವಣಿ ಎಳೆದರೆ ತಲೆ ತಗ್ಗಿಸಿಕೊಂಡು ಕೂರುವ ಕಾರಾಗುತ್ತಿತ್ತು. ಕೊನೆಗೆ ಒಂದು ರೋಡ್‌ಸ್ಟರನ್ನು ಇಟಲಿಯ ಕಾರು ವಿನ್ಯಾಸ ಸಂಸ್ಥೆ ಪಿನಿನ್‌ಫರೀನಾಗೆ ಕಳಿಸಿದರು. ಅವರು ಮಾಡಿದ ಮುಖ್ಯ ಕೆಲಸ ಚಾವಣಿಯದ್ದಲ್ಲ, ಗಾಜಿನದ್ದು. ಮುಂಗಾಜನ್ನು ಎತ್ತರಿಸಿದರು, ಬಾಗಿಲಿನ ಗಾಜನ್ನೂ ಅದಕ್ಕೆ ಸರಿಗಟ್ಟಿದರು, ಚಾವಣಿಯ ಅಂಚನ್ನು ದುಂಡಗೆ ಬಿಡದೆ ಚೂಪಾಗಿ ಮಡಿಸಿದರು, ಹಿಂದೆ ಮೇಲಕ್ಕೆ ತೆರೆಯುವ ದೊಡ್ಡ ಬಾಗಿಲಿಟ್ಟರು. 1965ರ ಅಕ್ಟೋಬರ್‌ನಲ್ಲಿ ಜಿಟಿ ಮಾರುಕಟ್ಟೆಗೆ ಬಂತು. 1980ರವರೆಗೆ ಸುಮಾರು ಒಂದೂಕಾಲು ಲಕ್ಷ ಜಿಟಿಗಳು ತಯಾರಾದವು. ಇದಕ್ಕೂ ಮೊದಲೇ ಬ್ರಸೆಲ್ಸ್‌ನ ಜಾಕ್ ಕೂನ್ ಎಂಬವರು ರೋಡ್‌ಸ್ಟರ್‌ಗಳಿಗೆ ಇಳಿಜಾರು ಚಾವಣಿ ಕಟ್ಟಿ ಬರ್ಲಿನೆಟ್ ಎಂದು ಮಾರುತ್ತಿದ್ದರು. ಚೆಂದದ ಕಾರೇ. ಆದರೆ ಪಿನಿನ್‌ಫರೀನಾ ಕಾರಿನ ಪಕ್ಕದಲ್ಲಿ ಅದು ಯಾರದೋ ಟೋಪಿ ಹಾಕಿಕೊಂಡಂತೆ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ.

ಚಾವಣಿ ಬಂತೆಂದು ಕೆಳಗಿನ ಕವಚವನ್ನು ಯಾರೂ ಸಡಿಲಿಸಲಿಲ್ಲ. ಹೊಸ ಅಚ್ಚುಗಳಿಗೆ ಹಣ ಸುರಿಯುವ ಸ್ಥಿತಿ ಅವರಿಗಿರಲಿಲ್ಲ. ಮೂಗಿನಿಂದ ಬಾಗಿಲವರೆಗಿನ ಹೊರ ತಗಡು, ನೆಲ, ಸಿಲ್, ಎಂಜಿನ್ ಕೋಣೆ ಎಲ್ಲವೂ ರೋಡ್‌ಸ್ಟರ್‌ನದ್ದೇ. ಬ್ಯಾಟರಿಗಳು ಕೂಡ ರೋಡ್‌ಸ್ಟರ್‌ನಲ್ಲಿ ಸೀಟುಗಳ ಬೆನ್ನ ಹಿಂದೆ ನೆಲದಲ್ಲಿ ಎಲ್ಲಿದ್ದವೋ ಅಲ್ಲೇ ಇವೆ: ಆರು ವೋಲ್ಟಿನ ಎರಡು, ಈಗ ಹಿಂದಿನ ಪುಟ್ಟ ಸೀಟಿನಡಿ. ಆ ಸೀಟಿನಲ್ಲಿ ದೊಡ್ಡವರು ಕೂರುವಂತಿಲ್ಲ, ಚೀಲ ಇಡಬಹುದು.

ಕೆಲಸ ಶುರುವಾದದ್ದು ಮುಂದಿನ ಮಡ್ಗಾರ್ಡ್‌ಗಳಿಂದ. ಎಂಜಿಬಿಯಲ್ಲಿ ಇವು ಬೋಲ್ಟು ಹಾಕಿ ಕೂರಿಸಿದವು, ಪುಣ್ಯ. ಬೊನೆಟ್ ಪಕ್ಕದ ಸಾಲು ಸುಲಭವಾಗಿ ಬಿಚ್ಚಿಕೊಂಡಿತು. ಮುಂಗಾಜಿನ ಬುಡದ ಹತ್ತಿರದವಕ್ಕೆ ಡ್ಯಾಶ್‌ಬೋರ್ಡಿನಡಿ ತಲೆ ತೂರಿಸಿ, ಕಾಣದ ಬೋಲ್ಟಿಗೆ ಸಾಕೆಟ್ ಹುಡುಕಿ ಹಾಕಬೇಕು. ತುಕ್ಕು ಕರಗಿಸುವ ಎಣ್ಣೆ ಬಿಟ್ಟು ರಾತ್ರಿಯೆಲ್ಲ ನೆನೆಸಿದರೂ ಒಂದೆರಡು ತುಂಡಾದವು. ಅವನ್ನು ಕೊರೆದೇ ತೆಗೆದೆ.

ಎಡಗಡೆಯ ಮಡ್ಗಾರ್ಡ್ ಕೈಗೆ ಬಂದಾಗ ಒಳಗಿನಿಂದ ಒಣಮಣ್ಣು ಸುರಿಯಿತು. ಚಕ್ರದ ಹಿಂದೆ ಕೆಸರು ತಡೆಯಲೆಂದು ಒಂದು ತಗಡಿನ ಗೋಡೆ, ಅದರ ಅಂಚಿಗೊಂದು ರಬ್ಬರು ಇಟ್ಟಿದ್ದಾರೆ. ರಬ್ಬರು ಗಟ್ಟಿಯಾಗಿ ಒಡೆದ ಮೇಲೆ ಆ ಗೋಡೆ ಕೆಸರು ತಡೆಯುವ ಬದಲು ಕೂಡಿಡುತ್ತದೆ. ಎಲೆ, ಮಣ್ಣು, ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು, ಎಲ್ಲ ಕೂಡಿ ಸಿಲ್‌ನ ಮುಂದಿನ ತುದಿಯ ಮೇಲೆ ಒದ್ದೆ ಮುದ್ದೆಯಾಗಿ ಕೂರುತ್ತವೆ. ಹೊರಗಿನಿಂದ ಏನೂ ಕಾಣದು. ಆ ಮಣ್ಣನ್ನು ಕೆರೆದಾಗ ಜೊತೆಯಲ್ಲೇ ಸಿಲ್‌ನ ತುದಿಯೂ ಕಂದು ಪದರ ಪದರವಾಗಿ ಬಂತು. ಬೆರಳು ಆಡಿಸಿದರೆ ಒಳಗಿನ ಟೊಳ್ಳು ತಾಗುತ್ತಿತ್ತು.

ಇನ್ನು ಸಿಲ್. ಬಣ್ಣ ಹೊಳೆಯುತ್ತಿತ್ತು, ಅಂಚು ನೇರವಾಗಿತ್ತು. ಗ್ರೈಂಡರ್‌ಗೆ ತಂತಿ ಬ್ರಷ್ ಹಾಕಿ ಬಣ್ಣ ಕೆರೆದರೆ ಮೊದಲು ಗುಲಾಬಿ ಪುಟ್ಟಿ, ಅದರಡಿ ಬೂದು ಪುಟ್ಟಿ, ಅದರಡಿ ಹೊಳೆಯುವ ತಗಡು. ಹೊಳೆಯುವ ತಗಡು ಕಂಡಾಗ ಸಂತೋಷಪಡುವಂತಿರಲಿಲ್ಲ. ಅದು ಮುಚ್ಚುಸಿಲ್. ಹಿಂದೆ ಯಾರೋ ತುಕ್ಕು ಹಿಡಿದ ಮೂಲ ಸಿಲ್ಲನ್ನು ಕತ್ತರಿಸುವ ಗೋಜಿಗೇ ಹೋಗದೆ, ಅದರ ಮೇಲೆಯೇ ತೆಳು ತಗಡಿನ ಹೊದಿಕೆ ಇಟ್ಟು ಅಲ್ಲಲ್ಲಿ ಬೆಸೆದು ಪುಟ್ಟಿ ಮೆತ್ತಿದ್ದರು. ಹೊರಗೆ ಥಳಕು, ಒಳಗೆ ಹುಳುಕು. ರೋಡ್‌ಸ್ಟರ್‌ಗೆ ಹೀಗೆ ಮಾಡಿದ್ದರೆ ಒಂದೆರಡು ವರ್ಷದಲ್ಲಿ ಬಾಗಿಲು ಸಿಕ್ಕಿಹಾಕಿಕೊಂಡು ಗುಟ್ಟು ರಟ್ಟಾಗುತ್ತಿತ್ತು. ಇಲ್ಲಿ ಚಾವಣಿ ಆ ಗುಟ್ಟನ್ನು ಕಾಪಾಡಿಕೊಂಡು ಬಂದಿದೆ.

ಎಂಜಿಬಿಯ ಸಿಲ್ ಒಂದು ತಗಡಲ್ಲ. ಕಾರಿನ ಒಳಗಡೆ ಕಾಣುವ ಒಳಸಿಲ್, ಹೊರಗೆ ಕಾಣುವ ಹೊರಸಿಲ್, ಇವೆರಡರ ನಡುವೆ ಕಣ್ಣಿಗೇ ಬೀಳದ ಒಂದು ನೆಟ್ಟನೆಯ ತಗಡು. ಅದನ್ನು ಇಲ್ಲಿನವರು ಮೆಂಬ್ರೇನ್ ಎನ್ನುತ್ತಾರೆ. ಅಡಿಯಲ್ಲಿ ಕೋಟೆಯ ತೆನೆಯಂತೆ ಮಡಿಸಿದ ಕ್ಯಾಸಲ್ ರೈಲ್. ನಾಲ್ಕೂ ಬೆಸೆದುಕೊಂಡಾಗ ಎರಡು ಕೋಣೆಗಳ ಉದ್ದನೆಯ ಪೆಟ್ಟಿಗೆಯಾಗುತ್ತದೆ. ಬಲ ಇರುವುದು ಪೆಟ್ಟಿಗೆಯಲ್ಲಿ. ಮೆಂಬ್ರೇನ್ ಹೋದರೆ ಉಳಿದದ್ದು ಒಂದೇ ಸಡಿಲ ಕೋಣೆ. ನನ್ನ ಕಾರಿನ ಎಡಬದಿಯ ಮೆಂಬ್ರೇನ್‌ನ ಕೆಳಗಿನ ಅಂಚು ಬಹುಪಾಲು ಇರಲೇ ಇಲ್ಲ. ಹೊಸ ಹೊರಸಿಲ್ ಹಾಕಿ ಕೈತೊಳೆದುಕೊಳ್ಳುವವರು ಇದನ್ನು ನೋಡುವುದೇ ಇಲ್ಲ.

ಸಿಲ್‌ನ ಎರಡು ತುದಿಗಳೂ ಮಡ್ಗಾರ್ಡ್‌ಗಳ ಕೆಳಗೆ ಹೊಕ್ಕಿರುತ್ತವೆ. ಮುಂದಿನದು ಬಿಚ್ಚಿಬಿಡುವಂಥದ್ದು. ಹಿಂದಿನದು ಕವಚಕ್ಕೇ ಬೆಸೆದದ್ದು. ಹಿಂದಿನ ಚಕ್ರದ ಮುಂದೆ ಅದರ ಕೆಳಭಾಗವನ್ನು ಕತ್ತರಿಸಿ ತೆಗೆಯದೆ ಸಿಲ್‌ನ ತುದಿ ಕೈಗೆ ಸಿಗುವುದಿಲ್ಲ. ಆ ಮೂಲೆಯ ಹಿಂದೆಯೇ ಲೀಫ್ ಸ್ಪ್ರಿಂಗ್‌ನ ಮುಂದಿನ ಕೊಂಡಿ ಕವಚಕ್ಕೆ ಸೇರುವ ಜಾಗ. ಹಿಂದಿನ ಆಕ್ಸಲ್ ಕಾರನ್ನು ಮುಂದಕ್ಕೆ ನೂಕುವುದು ಇದರ ಮೂಲಕವೇ. ಇಲ್ಲಿ ತುಕ್ಕು ಹಿಡಿದರೆ ಅದು ಅಂದಚೆಂದದ ಮಾತಲ್ಲ. ನನ್ನದರಲ್ಲಿ ಬಲಗಡೆ ಗಟ್ಟಿಯಿತ್ತು. ಎಡಗಡೆ ಅಂಗೈಯಗಲದ ತೇಪೆ ಬೇಕಾಯಿತು.

ಕತ್ತರಿಸುವ ಮೊದಲು ಒಂದು ಪ್ರಶ್ನೆ. ರೋಡ್‌ಸ್ಟರ್‌ನ ಸಿಲ್ ಕತ್ತರಿಸುವಾಗ ಬಾಗಿಲ ಚೌಕಟ್ಟಿಗೆ ಅಡ್ಡಕಂಬಿ ಕಟ್ಟಲೇಬೇಕು, ಇಲ್ಲದಿದ್ದರೆ ಕಾರು ಮಧ್ಯದಲ್ಲಿ ಮಡಚಿಕೊಳ್ಳುತ್ತದೆ. ಜಿಟಿಗೆ ಚಾವಣಿಯೇ ಕಂಬಿ, ಬೇರೆ ಬೇಡ ಎಂದು ಅನುಭವಸ್ಥರೇ ಹೇಳುತ್ತಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಚಾವಣಿ ಮೇಲಿನಿಂದ ಹಿಡಿಯುತ್ತದೆ ನಿಜ. ಆದರೆ ಸಿಲ್ ಪೂರ್ತಿ ತೆಗೆದ ಮೇಲೆ ಬಾಗಿಲಿನ ಬುಡದಲ್ಲಿ ಎರಡು ಕಂಬಗಳ ನಡುವೆ ಏನೂ ಉಳಿದಿರುವುದಿಲ್ಲ. ಅಲ್ಲಿ ಎರಡು ಮಿಲಿಮೀಟರ್ ಜರುಗಿ, ಹಾಗೆಯೇ ಹೊಸ ಸಿಲ್ ಬೆಸೆದುಬಿಟ್ಟರೆ ಆ ತಪ್ಪು ಶಾಶ್ವತ. ಇಪ್ಪತ್ತೈದು ಮಿಲಿಮೀಟರ್ ಚೌಕದ ಕೊಳವೆಯಿಂದ ಬಾಗಿಲಿನ ಮುಂದಿನ ಕೀಲುಗಳ ತೂತಿನಿಂದ ಹಿಂದಿನ ಬೀಗದ ಕಂಬಕ್ಕೆ ಒಂದು ಅಡ್ಡಪಟ್ಟಿ, ಒಂದು ಓರೆಪಟ್ಟಿ ಬೋಲ್ಟು ಮಾಡಿದೆ. ಕೀಲಿನ ತೂತನ್ನೇ ಬಳಸಿದರೆ ಬಾಗಿಲು ಹಾಕಿ ನೋಡಲು ಪ್ರತಿ ಸಲ ಕಂಬಿ ಬಿಚ್ಚಬೇಕಾಗುತ್ತದೆ ಎಂಬ ತೊಂದರೆಯುಂಟು. ಆದರೂ ಚೌಕಟ್ಟಿಗೆ ಬೆಸೆದು ಆಮೇಲೆ ಉಜ್ಜುವುದಕ್ಕಿಂತ ವಾಸಿ.

ಸ್ಟ್ಯಾಂಡುಗಳನ್ನು ಎಲ್ಲಿಟ್ಟರೆ ಸರಿ ಎಂಬುದೂ ಅಷ್ಟೇ ಮುಖ್ಯ. ಮುಂದೆ ಸಸ್ಪೆನ್ಷನ್ ಹೊತ್ತ ಅಡ್ಡತೊಲೆಯ ಕೆಳಗೆ, ಹಿಂದೆ ಆಕ್ಸಲ್‌ನ ಕೆಳಗೆ. ಕಾರು ರಸ್ತೆಯ ಮೇಲೆ ಹೇಗೆ ನಿಲ್ಲುತ್ತದೋ ಹಾಗೆಯೇ ಭಾರ ಬೀಳುತ್ತಿರಬೇಕು. ಬಾಗಿಲ ಚೌಕಟ್ಟಿನ ಎರಡು ಕರ್ಣಗಳನ್ನು ಅಳೆದು ತಗಡಿನ ಮೇಲೆಯೇ ಮಾರ್ಕರ್‌ನಲ್ಲಿ ಬರೆದೆ. ಆಮೇಲೆ ಸ್ಪಾಟ್ ವೆಲ್ಡ್‌ಗಳನ್ನು, ಅಂದರೆ ತಗಡುಗಳನ್ನು ಅಲ್ಲಲ್ಲಿ ಚುಕ್ಕೆಯಂತೆ ಕೂಡಿಸಿದ ಬೆಸುಗೆಗಳನ್ನು, ಒಂದೊಂದಾಗಿ ಕೊರೆಯುವ ಕೆಲಸ. ಇದಕ್ಕೆಂದೇ ಸಿಗುವ ಟೊಳ್ಳು ಕಟರ್ ಮೇಲಿನ ತಗಡನ್ನಷ್ಟೇ ಸುತ್ತಲೂ ಕತ್ತರಿಸಿ ಕೆಳಗಿನದನ್ನು ಬಿಡುತ್ತದೆ. ಸಾಧಾರಣ ಡ್ರಿಲ್ ಬಿಟ್ ಎರಡನ್ನೂ ತೂತು ಮಾಡುತ್ತದೆ.

ಹೊಸ ತಗಡು ತರಿಸುವಾಗ ಜಿಪುಣತನ ಮಾಡಬಾರದು. ಕಡಿಮೆ ಬೆಲೆಯ ಹೊರಸಿಲ್ ಒಂದನ್ನು ಕಾರು ಮಾರಿದವರು ಕಾರಿನ ಜೊತೆಗೇ ಕೊಟ್ಟಿದ್ದರು. ಹಿಡಿದು ನೋಡಿದರೆ ಬಾಗಿಲ ಕೆಳಗಿನ ಬಾಗು ಚಪ್ಪಟೆ, ಉದ್ದವೂ ಸಾಲದು. ಅದನ್ನು ಗೋಡೆಗೆ ಒರಗಿಸಿಟ್ಟು ಬ್ರಿಟಿಷ್ ಮೋಟಾರ್ ಹೆರಿಟೇಜ್‌ನ ತಗಡುಗಳನ್ನೇ ತರಿಸಿದೆ. ಈ ಸಂಸ್ಥೆಯವರು ಎಂಜಿಬಿಯ ಮೂಲ ಒತ್ತಚ್ಚುಗಳನ್ನು ಹುಡುಕಿ ಕಲೆಹಾಕಿ, 1988ರಲ್ಲಿ ಪೂರ್ತಿ ಹೊಸ ಕವಚಗಳನ್ನೇ ಮಾಡತೊಡಗಿದರು. ಮೊದಲು ಫಾರಿಂಗ್ಡನ್‌ನಲ್ಲಿ, ಆಮೇಲೆ ವಿಟ್ನಿಯಲ್ಲಿ. ಉತ್ಪಾದನೆ ನಿಂತ ಕಾರಿಗೆ ಕಾರ್ಖಾನೆಯ ಅಚ್ಚಿನಿಂದ ಹೊಸ ಮೈ ಸಿಗುವುದು ಸಣ್ಣ ಮಾತಲ್ಲ. ಹಾಗಾದರೆ ಹೊಸ ಕವಚವನ್ನೇ ತಂದು ಹಳೆಯ ಭಾಗಗಳನ್ನು ವರ್ಗಾಯಿಸಬಹುದಿತ್ತಲ್ಲ ಎಂದು ಕೇಳಿದವರುಂಟು. ನನ್ನ ಕಾರಿನ ಚಾವಣಿ, ಕಂಬಗಳು, ಎಂಜಿನ್ ಕೋಣೆ ಗಟ್ಟಿಯಾಗಿದ್ದವು. ಗಟ್ಟಿಯಾದದ್ದನ್ನು ಎಸೆಯುವುದು ನನ್ನ ಜಾಯಮಾನಕ್ಕೆ ಒಗ್ಗದು, ಜೇಬಿಗೂ ಒಗ್ಗದು.

ಕ್ಯಾಸಲ್ ರೈಲ್ ಮೊದಲು, ಆಮೇಲೆ ಒಳಸಿಲ್‌ನ ತೇಪೆಗಳು, ಮೆಂಬ್ರೇನ್, ಕೊನೆಗೆ ಹೊರಸಿಲ್. ಪ್ರತಿ ಪದರವನ್ನೂ ಕ್ಲ್ಯಾಂಪ್‌ಗಳಿಂದ ಬಿಗಿದು, ಕಂಬಿ ಬಿಚ್ಚಿ ಬಾಗಿಲು ತೂಗುಹಾಕಿ, ಸಂದು ನೋಡಿ, ಮತ್ತೆ ಬಾಗಿಲು ತೆಗೆದು, ಕಂಬಿ ಕಟ್ಟಿ ಬೆಸೆಯುವುದು. ಬೇಸರದ ಕೆಲಸ. ಆದರೆ ಬೇರೆ ದಾರಿಯಿಲ್ಲ. ಕಾರ್ಖಾನೆಯ ಸ್ಪಾಟ್ ವೆಲ್ಡ್ ಇದ್ದಲ್ಲೆಲ್ಲ ಮೇಲಿನ ತಗಡಿಗೆ ತೂತು ಹೊಡೆದು ಮಿಗ್ ವೆಲ್ಡಿಂಗ್‌ನಿಂದ ತುಂಬಿದೆ. ಒಂದೇ ಕಡೆಯಿಂದ ಸಾಲಾಗಿ ಹೋದರೆ ಬಿಸಿಗೆ ತಗಡು ಸೊಟ್ಟಗಾಗುತ್ತದೆ. ಮುಂದೊಂದು, ಹಿಂದೊಂದು, ನಡುವೆ ಒಂದು, ಹೀಗೆ ಹಾರಿ ಹಾರಿ ಬೆಸೆಯಬೇಕು. ತಗಡುಗಳು ಒಂದಕ್ಕೊಂದು ಕೂಡುವ ಮುಖಗಳಿಗೆ ಸತುವಿನ ಬಣ್ಣ. ಮುಗಿದ ಮೇಲೆ ಬಾಗಿಲ ಹಿಂಬದಿಯ ಸಂದು ಮೇಲೂ ಕೆಳಗೂ ನಾಲ್ಕೂವರೆ ಮಿಲಿಮೀಟರ್‌ನ ಆಸುಪಾಸಿನಲ್ಲಿ ನಿಂತಿತು. ಎಡಗಡೆಯ ಕರ್ಣ ಒಂದು ಮಿಲಿಮೀಟರ್ ವ್ಯತ್ಯಾಸ ತೋರಿಸಿತು. ಕಾರ್ಖಾನೆಯಿಂದ ಬಂದಾಗ ಅದು ಇದಕ್ಕಿಂತ ನೆಟ್ಟಗಿತ್ತು ಎಂದು ನಂಬಲು ನಾನು ಸಿದ್ಧನಿಲ್ಲ. ಸಿಲ್‌ನ ಒಳಗೆ ಉದ್ದನೆಯ ನಳಿಕೆ ತೂರಿಸಿ ಮೇಣ ಸಿಂಪಡಿಸಿದೆ. ಕೆಳಗಿನ ತೂತುಗಳಿಂದ ಮೇಣ ತೊಟ್ಟಿಕ್ಕುವವರೆಗೂ.

ಇಷ್ಟರವರೆಗೆ ಮಾಡಿದ್ದೆಲ್ಲ ರೋಡ್‌ಸ್ಟರ್‌ನ ಕೆಲಸವೇ. ಜಿಟಿಗೆ ಮಾತ್ರ ಸೇರಿದ ಕೆಲಸ ಸೊಂಟದ ಮೇಲೆ ಶುರುವಾಗುತ್ತದೆ. ರೋಡ್‌ಸ್ಟರ್‌ನ ಮುಂಗಾಜಿಗೆ ಅಲ್ಯುಮಿನಿಯಂ ಚೌಕಟ್ಟು, ಬೋಲ್ಟು ಬಿಚ್ಚಿ ಎತ್ತಿಡಬಹುದು. ಜಿಟಿಯಲ್ಲಿ ಗಾಜು ರಬ್ಬರಿನ ಮೂಲಕ ನೇರವಾಗಿ ಕವಚಕ್ಕೆ ಕೂರುತ್ತದೆ. ರಬ್ಬರಿನಡಿ ನೀರು ನಿಂತು ಕೆಳಗಿನ ಎರಡು ಮೂಲೆಗಳಲ್ಲಿ ಸೂಜಿಮೊನೆಯಂಥ ತೂತುಗಳಾಗಿದ್ದವು. ತೇಪೆ ಸಣ್ಣದು; ಆದರೆ ಅಂಚಿನ ಬಾಗು ಒಂದಿಷ್ಟೂ ಕೆಡಬಾರದು, ಕೆಟ್ಟರೆ ಗಾಜು ಒತ್ತಡಕ್ಕೆ ಬಿರುಕು ಬಿಡುತ್ತದೆ. ರಟ್ಟಿನ ಅಚ್ಚು ಕತ್ತರಿಸಿಕೊಂಡು, ತಗಡನ್ನು ಚಿಕ್ಕ ಸುತ್ತಿಗೆಯಿಂದ ಮಡಿಸಿ ಕೂರಿಸಿದೆ.

ಗಾಜು ಕೂರಿಸುವುದು ಇಬ್ಬರ ಕೆಲಸ. ಪಕ್ಕದ ಮನೆಯವರನ್ನು ಕರೆದೆ. ಮೊದಲು ರಬ್ಬರನ್ನು ಗಾಜಿಗೆ ತೊಡಿಸಿ, ಅದರ ಹೊರ ತೋಡಿನಲ್ಲಿ ಹೊಳೆಯುವ ಪಟ್ಟಿ ಸೇರಿಸಬೇಕು. ಒಳ ತೋಡಿನಲ್ಲಿ ಸುತ್ತಲೂ ನೈಲಾನ್ ಹಗ್ಗ ಕೂರಿಸಿ, ಎರಡು ತುದಿಗಳನ್ನು ಕೆಳಗೆ ನಡುವಿನಲ್ಲಿ ಒಂದರ ಮೇಲೊಂದು ದಾಟಿಸಿ ಒಳಗೆ ಬಿಡಬೇಕು. ಸೋಪಿನ ನೀರು ಧಾರಾಳವಾಗಿ. ಹೊರಗಿನವರು ಅಂಗೈಯಿಂದ ಗಾಜನ್ನು ಒತ್ತುತ್ತಿರಬೇಕು, ಒಳಗಿನವರು ಹಗ್ಗವನ್ನು ಗಾಜಿನ ನಡುವಿನ ಕಡೆಗೆ ನಿಧಾನವಾಗಿ ಎಳೆಯಬೇಕು. ಹಗ್ಗ ಬರುತ್ತಾ ಬರುತ್ತಾ ರಬ್ಬರಿನ ತುಟಿ ಕವಚದ ಅಂಚನ್ನು ದಾಟಿ ಪಟಪಟನೆ ಒಳಗೆ ಮಗುಚಿಕೊಳ್ಳುತ್ತದೆ. ಮೂಲೆಗಳಲ್ಲಿ ಎಳೆತ ಬಿಗಿಯಾದಾಗ ಹೊರಗಿನವರು ಗುದ್ದಲು ಹೋಗುತ್ತಾರೆ, ಬಿಡಬಾರದು.

ಹಿಂದಿನ ಸಣ್ಣ ಪಕ್ಕಗಾಜುಗಳು ಹೊರಕ್ಕೆ ತುಸು ತೆರೆದುಕೊಳ್ಳುತ್ತವೆ. ಮುಚ್ಚಿದ ಗೂಡಿನಲ್ಲಿ ರೋಡ್‌ಸ್ಟರ್‌ನ ಎಂಜಿನ್ ಬಿಸಿ ಎಲ್ಲಿಗೆ ಹೋಗಬೇಕು? ಬೇಸಿಗೆಯಲ್ಲಿ ಈ ಗಾಜುಗಳು ಬೇಕೇ ಬೇಕು. ಅವುಗಳ ರಬ್ಬರು ಒಣಗಿ ಸೀಳಿದ್ದರಿಂದ ಒಳಗೆ ಬ್ಯಾಟರಿ ಪೆಟ್ಟಿಗೆಯವರೆಗೂ ನೀರಿಳಿದ ಗುರುತಿತ್ತು. ಎರಡನ್ನೂ ಬದಲಿಸಿ, ಕೊಳವೆಯಿಂದ ನೀರು ಬಿಟ್ಟು ನೋಡಿದೆ. ಹಿಂಬಾಗಿಲ ಕೆಳ ಅಂಚು ಕೂಡ ತುಕ್ಕು ಹಿಡಿದಿತ್ತು. ಅದು ಬಿಡಿ, ಎಲ್ಲ ಜಿಟಿಗಳದ್ದೂ ಅದೇ ಗತಿ.

ಕಾರಿನ ಹಿಂಭಾಗ ಯಾಕೋ ಕುಳಿತಂತೆ ಕಾಣುತ್ತಿತ್ತು. ಮಾರಿದವರು ಕೊಟ್ಟ ಕಡತ ತಿರುವಿದಾಗ ಉತ್ತರ ಸಿಕ್ಕಿತು: ಹಳೆಯ ರಸೀದಿಯೊಂದರಲ್ಲಿ ರೋಡ್‌ಸ್ಟರ್‌ನ ಲೀಫ್ ಸ್ಪ್ರಿಂಗ್‌ಗಳು. ಚಾವಣಿ, ಗಾಜು, ಹಿಂಬಾಗಿಲು ಸೇರಿ ಜಿಟಿ ರೋಡ್‌ಸ್ಟರ್‌ಗಿಂತ ಸುಮಾರು ನೂರು ಕಿಲೋ ಹೆಚ್ಚು ತೂಗುತ್ತದೆ. ಅದಕ್ಕಾಗಿಯೇ ಕಾರ್ಖಾನೆ ಜಿಟಿಗೆ ಹೆಚ್ಚು ಬಿಗಿಯಾದ ಹಿಂದಿನ ಸ್ಪ್ರಿಂಗ್ ಕೊಟ್ಟಿತ್ತು. ಇನ್ನೊಂದು ವ್ಯತ್ಯಾಸ ಆಕ್ಸಲ್‌ನದ್ದು. ತೆರೆದ ಕಾರಿನಲ್ಲಿ ಗಾಳಿಯ ಸದ್ದಿನಲ್ಲಿ ಮುಳುಗಿಹೋಗುತ್ತಿದ್ದ ಹಲ್ಲುಚಕ್ರಗಳ ಗುಂಯ್‌ಗುಡುವಿಕೆ ಮುಚ್ಚಿದ ಕಾರಿನಲ್ಲಿ ಕಿವಿಗೆ ಬಡಿಯುತ್ತದೆ. ಹಾಗಾಗಿ ಜಿಟಿಗೆ ಮೊದಲ ದಿನದಿಂದಲೇ ಸದ್ದು ಕಡಿಮೆಯಿರುವ ಸಾಲ್ಸ್‌ಬರಿ ಮಾದರಿಯ ಆಕ್ಸಲ್ ಬಂತು. ರೋಡ್‌ಸ್ಟರ್‌ಗೆ ಅದು ಸಿಕ್ಕಿದ್ದು 1967ರಲ್ಲಿ. ವಯಸ್ಸಿನಲ್ಲಿ ಚಿಕ್ಕ ಜಿಟಿ ದೊಡ್ಡ ರೋಡ್‌ಸ್ಟರ್‌ಗೆ ಕಲಿಸಿದ ಪಾಠ ಇದೊಂದೇ ಇರಬೇಕು. ಸರಿಯಾದ ಸ್ಪ್ರಿಂಗ್ ಹಾಕಿದ ಮೇಲೆ ಕಾರು ನೆಟ್ಟಗೆ ನಿಂತಿತು.

ಎಂಜಿನ್ ಬಗ್ಗೆ ಹೇಳುವಂಥದ್ದು ಕಡಿಮೆ, ಏಕೆಂದರೆ ಕನ್ನಡಿಗರಿಗೆ ಅದು ಹಳೆಯ ನೆಂಟ. 1798 ಸಿಸಿಯ ಈ ಬಿ-ಸೀರೀಸ್ ಎಂಜಿನ್‌ನ 1489 ಸಿಸಿ ರೂಪವೇ ನಮ್ಮ ಅಂಬಾಸಿಡರ್‌ನಲ್ಲಿ ದಶಕಗಟ್ಟಲೆ ಓಡಿದ್ದು. ಮೊದಲ ಎಂಜಿಎಯಲ್ಲಿದ್ದದ್ದೂ ಅದೇ 1489. ಮೈಸೂರಿನಲ್ಲಿ ಅಂಬಾಸಿಡರ್ ರಿಪೇರಿ ಮಾಡುತ್ತಲೇ ತಲೆ ಹಣ್ಣಾದ ನನ್ನ ಸೋದರಮಾವನಿಗೆ ವಿಡಿಯೊ ಕರೆ ಮಾಡಿ ಎಂಜಿನ್ ಓಡಿಸಿ ಕೇಳಿಸಿದೆ.

“ಮಾವ, ಟ್ಯಾಪೆಟ್ ಸದ್ದು ಜಾಸ್ತಿಯಾಯಿತಲ್ಲವೇ?”

“ಸದ್ದು ಇರಬೇಕಪ್ಪಾ. ಸದ್ದೇ ಇಲ್ಲ ಅಂದರೆ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ, ಸುಟ್ಟುಹೋಗುತ್ತದೆ. ಮೂರನೆಯದು ಮಾತ್ರ ಬೇರೆ ಥರ ಕೇಳುತ್ತಿದೆ. ಒಂಬತ್ತರ ಲೆಕ್ಕ ಗೊತ್ತಲ್ಲ?”

ಒಂಬತ್ತರ ಲೆಕ್ಕವೆಂದರೆ ಸಾಲಿನಲ್ಲಿರುವ ಎಂಟು ವಾಲ್ವ್‌ಗಳಲ್ಲಿ ಯಾವುದು ಪೂರ್ತಿ ತೆರೆದಿದೆಯೋ ಅದರ ಸಂಖ್ಯೆಯನ್ನು ಒಂಬತ್ತರಿಂದ ಕಳೆಯುವುದು. ಬಂದ ಸಂಖ್ಯೆಯ ವಾಲ್ವ್‌ನ ಸಂದನ್ನು ಆಗ ಹೊಂದಿಸಬಹುದು. ಎಂಟು ತೆರೆದಾಗ ಒಂದು, ಆರು ತೆರೆದಾಗ ಮೂರು. ತಣ್ಣಗಿನ ಎಂಜಿನ್‌ಗೆ 0.015 ಅಂಗುಲದ ಫೀಲರ್ ಗೇಜ್. ಮೂರನೆಯ ವಾಲ್ವ್‌ನ ಸಂದು ನಿಜಕ್ಕೂ ಹೆಚ್ಚಿತ್ತು. ಫೋನಿನ ಆ ಪುಟ್ಟ ಸ್ಪೀಕರ್‌ನಲ್ಲಿ ಅದನ್ನು ಅವರು ಹೇಗೆ ಹಿಡಿದರೋ! ಎರಡು ಎಸ್‌ಯು ಕಾರ್ಬುರೇಟರ್‌ಗಳನ್ನು ತೋರಿಸಿದಾಗ ಮಾತ್ರ, “ಒಂದೇ ಸಾಲದೇ? ಪೆಟ್ರೋಲು ಬಿಟ್ಟಿ ಸಿಗುತ್ತದೇನು ಅಲ್ಲಿ?” ಎಂದರು.

ಅವರು ಇನ್ನೊಂದು ಪ್ರಶ್ನೆ ಕೇಳಿದ್ದರು: ತೆರೆದ ಕಾರಿಗೆ ಚಾವಣಿ ಹಾಕಿದರೆ ತೂಕ ಏರುತ್ತದೆ, ಓಟ ತಗ್ಗುವುದಿಲ್ಲವೇ? ವೇಗ ಹಿಡಿಯುವುದು ನಿಧಾನವಾಗುತ್ತದೆ, ಹೌದು. ಆದರೆ ಗಾಳಿ ಸುಳಿಯದೆ ಜಾರಿಹೋಗುವುದರಿಂದ ಗರಿಷ್ಠ ವೇಗದಲ್ಲಿ ಜಿಟಿ ಹಿಂದೆ ಬೀಳುವುದಿಲ್ಲ. ಗಂಟೆಗೆ ನೂರು ಮೈಲಿ ದಾಟುತ್ತದೆ. ಈ ಲೆಕ್ಕವನ್ನು ಪಂದ್ಯದ ಕಣದಲ್ಲಿ ತೋರಿಸಿದ್ದು ಅಮೆರಿಕದ ಕ್ಯಾರಲ್ ಶೆಲ್ಬಿಯ ತಂಡ. ಅವರ ತೆರೆದ ಪಂದ್ಯದ ಕಾರು ಕೋಬ್ರಾ, ಫ್ರಾನ್ಸಿನ ಲೆ ಮಾನ್ ಪಂದ್ಯದ ಉದ್ದನೆಯ ನೇರ ರಸ್ತೆಯಲ್ಲಿ ಫೆರಾರಿಗಳಿಗೆ ಸಾಟಿಯಾಗದಿದ್ದಾಗ ಪೀಟರ್ ಬ್ರಾಕ್ ಅದೇ ಚಾಸಿಯ ಮೇಲೆ ಕತ್ತರಿಸಿದ ಬಾಲದ ಮುಚ್ಚಿದ ಮೈ ಕಟ್ಟಿದರು. ಆರೇ ಡೇಟೋನಾ ಕೂಪೆಗಳು ತಯಾರಾದವು. 1964ರಲ್ಲಿ ಲೆ ಮಾನ್‌ನಲ್ಲಿ ಜಿಟಿ ವರ್ಗವನ್ನೂ 1965ರಲ್ಲಿ ವಿಶ್ವ ಪ್ರಶಸ್ತಿಯನ್ನೂ ಗೆದ್ದರು. ಇನ್ನೊಂದು ಬ್ರಿಟಿಷ್ ಕಂಪನಿ ಟ್ರಯಂಫ್‌ನವರು ತಮ್ಮ ತೆರೆದ ಕಾರು ಸ್ಪಿಟ್‌ಫೈರ್‌ಗೆ ಚಾವಣಿ ಹಾಕಿ ನೋಡಿ, ನಾಲ್ಕು ಸಿಲಿಂಡರ್ ಆ ತೂಕಕ್ಕೆ ಸಾಲದೆಂದು 1998 ಸಿಸಿಯ ಆರು ಸಿಲಿಂಡರ್ ಇಟ್ಟು 1966ರಲ್ಲಿ ಜಿಟಿ6 ಎಂದು ಹೊರತಂದರು. ಸ್ಪಿಟ್‌ಫೈರ್‌ನ ಬೇರು ಅದೇ ಕಂಪನಿಯ ಹೆರಾಲ್ಡ್ ಕಾರಿನಲ್ಲಿದೆ. ಆ ಹೆರಾಲ್ಡ್ ಮದ್ರಾಸಿನಲ್ಲಿ ತಯಾರಾಗಿ ಬೆಂಗಳೂರಿನ ರಸ್ತೆಗಳಲ್ಲೂ ಓಡುತ್ತಿತ್ತು. ಎಂಜಿಯವರೂ 1973ರಲ್ಲಿ ರೋವರ್‌ನ 3528 ಸಿಸಿ ವಿ8 ಎಂಜಿನ್ ಇಟ್ಟರು. ಆದರೆ ಜಿಟಿಗೆ ಮಾತ್ರ. ಕಾರ್ಖಾನೆ ವಿ8 ರೋಡ್‌ಸ್ಟರ್ ಮಾರಲೇ ಇಲ್ಲ. ಸಿಲ್‌ನ ಪೆಟ್ಟಿಗೆಯನ್ನು ಕೈಯಾರೆ ಬಿಚ್ಚಿ ನೋಡಿದ ಮೇಲೆ ನನಗೆ ಆ ನಿರ್ಧಾರ ಸಮಂಜಸವೆನಿಸುತ್ತದೆ.

ಬ್ರಿಟನ್ನಿನಲ್ಲಿ 2018ರಿಂದ ನಲವತ್ತು ವರ್ಷ ದಾಟಿದ ಕಾರುಗಳಿಗೆ, ದೊಡ್ಡ ಬದಲಾವಣೆ ಮಾಡಿರದಿದ್ದರೆ, ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ನನಗೆ ಈ ರಿಯಾಯಿತಿ ಅಪಾಯಕಾರಿ ಎನಿಸುತ್ತದೆ; ಮುಚ್ಚುಸಿಲ್ ಹೊದಿಸಿದ ಜಿಟಿಗಳು ಇನ್ನೆಷ್ಟು ಓಡಾಡುತ್ತಿವೆಯೋ. ದುಡ್ಡು ಕೊಟ್ಟು ತಪಾಸಣೆ ಮಾಡಿಸಿದೆ. ತಪಾಸಕರು ಸುತ್ತಿಗೆಯ ಹಿಡಿಯಿಂದ ಎರಡೂ ಸಿಲ್‌ಗಳನ್ನು ಉದ್ದಕ್ಕೂ ತಟ್ಟಿ, ಸ್ಪ್ರಿಂಗ್‌ನ ಕೊಂಡಿಯ ಮೂಲೆಯನ್ನು ದೀಪ ಹಿಡಿದು ನೋಡಿ, ಏನೂ ಹೇಳದೆ ಮುಂದಕ್ಕೆ ಹೋದರು. ಹಿಂದಿನ ಎಡ ಲಿವರ್ ಆರ್ಮ್ ಡ್ಯಾಂಪರ್‌ನಿಂದ (ಸ್ಪ್ರಿಂಗ್‌ನ ಕುಲುಕು ತಗ್ಗಿಸುವ ಹಳೆಯ ಮಾದರಿಯ ಸಾಧನ) ಎಣ್ಣೆ ಜಿನುಗುತ್ತಿದೆ ಎಂದು ಮಾತ್ರ ಬರೆದುಕೊಟ್ಟಿದ್ದಾರೆ. ಅದನ್ನು ಬಿಚ್ಚಿ ರಿಪೇರಿಗೆ ಕಳಿಸಿದ್ದೇನೆ. ಅದು ಬಂದ ಮೇಲೆ ಹಿಂಬಾಗಿಲ ಕೆಳ ಅಂಚಿನ ಕೆಲಸಕ್ಕೆ ಕೈಹಾಕಬೇಕು.